ವಾಟ್ಸ್‌ಆ್ಯಪ್‌ನಲ್ಲಿ ಬಂದ ದೈತ್ಯ ಕ್ರೇನ್ ನಿಜವೋ, ಮಾದರಿಯೋ? ಪುಟ್ಟ ಕ್ರೇನ್‌ಗಳ ಲೆಕ್ಕ ಗೊತ್ತಿದ್ದರೆ ಹೇಳಬಹುದು

ಮಳೆಗಾಲ ಶುರುವಾಯಿತೆಂದರೆ ಉತ್ತರ ಕನ್ನಡದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಗುಡ್ಡ ಕುಸಿದ, ಸೇತುವೆ ಮುರಿದ, ಕ್ರೇನ್ ಮಗುಚಿದ ವಿಡಿಯೊಗಳು ಒಂದರ ಹಿಂದೆ ಒಂದು ಬರತೊಡಗುತ್ತವೆ. ಅವುಗಳಲ್ಲಿ ನಿಜವಾದವೂ ಇರುತ್ತವೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದು ನಿಜ. ಅದೇ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದದ್ದೂ ನಿಜ. ಆದರೆ ಇಂತಹ ಸುದ್ದಿಗಳ ಬೆನ್ನಿಗೇ ಎಲ್ಲಿಯದೋ ವಿಡಿಯೊ ನಮ್ಮೂರಿನ ಹೆಸರು ಹೊತ್ತು ಬರುತ್ತದೆ. ಕೆಲವು ಬಾರಿ ಅದು ಎಲ್ಲಿಯದ್ದೂ ಆಗಿರುವುದಿಲ್ಲ, ಹವ್ಯಾಸಿಯೊಬ್ಬರ ಮೇಜಿನ ಮೇಲಿನ ಮಾದರಿ ಕ್ರೇನ್ ಆಗಿರುತ್ತದೆ.

ಗೇರುಸೊಪ್ಪದ ಕಡೆಯವರಿಗೆ ಇದು ಬರೀ ತಮಾಷೆಯ ವಿಷಯವಲ್ಲ. ಹೊನ್ನಾವರದಿಂದ ಶರಾವತಿಯ ದಂಡೆ ಹಿಡಿದು ಮೇಲೆ ಬಂದರೆ ಸಿಗುವ ಈ ಊರಿನಲ್ಲಿ ಈಗಾಗಲೇ ಅಣೆಕಟ್ಟು ಮತ್ತು 240 ಮೆಗಾವಾಟ್‌ನ ವಿದ್ಯುದಾಗಾರ ಇವೆ. ಮೇಲಿನ ತಲಕಳಲೆ ಜಲಾಶಯಕ್ಕೂ ಕೆಳಗಿನ ಗೇರುಸೊಪ್ಪ ಜಲಾಶಯಕ್ಕೂ ನಡುವೆ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವವಿದೆ. ಅದು ಸಿಂಗಳೀಕಗಳ ಅಭಯಾರಣ್ಯದ ಕಾಡಿಗೆ ಸಂಬಂಧಿಸಿದ್ದರಿಂದ ವಿರೋಧವೂ ಇದೆ. ಇಂಥ ಊರಿನ ಗುಂಪಿಗೆ ‘ಕೆಲಸ ಶುರುವಾಯ್ತು ನೋಡಿ’ ಎಂಬ ಸಾಲಿನೊಂದಿಗೆ ದೊಡ್ಡ ಕ್ರೇನಿನ ವಿಡಿಯೊ ಬಂದರೆ ತೋಟ, ಮನೆ ಇರುವವರ ನಿದ್ದೆ ಹಾರಿಹೋಗುತ್ತದೆ. ಯೋಜನೆಯ ಪರ ಅಥವಾ ವಿರುದ್ಧ ಮಾತಾಡುವುದು ಇಲ್ಲಿ ನಮ್ಮ ಉದ್ದೇಶವಲ್ಲ. ವಿಡಿಯೊದಲ್ಲಿರುವ ಕ್ರೇನ್ ದೊಡ್ಡದೋ ಚಿಕ್ಕದೋ ಎಂಬುದನ್ನು ಮಾತ್ರ ನೋಡೋಣ. ಅದನ್ನು ನೋಡಲು ಹೊರಟರೆ ಮಾದರಿ ಕ್ರೇನ್‌ಗಳನ್ನು ಸಂಗ್ರಹಿಸುವ, ತಿದ್ದಿ ತೀಡಿ ತಮ್ಮದನ್ನಾಗಿ ಮಾಡಿಕೊಳ್ಳುವ ಹವ್ಯಾಸದ ಒಳಗೇ ಹೋಗಬೇಕಾಗುತ್ತದೆ.

ಆಟಿಕೆಗೂ ಮಾದರಿಗೂ ಏನು ವ್ಯತ್ಯಾಸ?

ಜಾತ್ರೆಯಲ್ಲಿ ಸಿಗುವ ಪ್ಲಾಸ್ಟಿಕ್ ಕ್ರೇನ್ ಆಟಿಕೆ. ಅದರ ಚಕ್ರ ದಪ್ಪ, ಬೂಮ್ ಗಿಡ್ಡ, ಅಳತೆಗೆ ಲೆಕ್ಕವಿಲ್ಲ. ಮಾದರಿ ಎಂದರೆ ನಿಜವಾದ ಒಂದು ಯಂತ್ರದ ಪ್ರತಿ ಭಾಗವನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿದ್ದು. ಕಟ್ಟಡ ಕಾಮಗಾರಿಯ ಯಂತ್ರಗಳ ಮಾದರಿಗಳಲ್ಲಿ ಬಹಳವಾಗಿ ನಡೆಯುವ ಪ್ರಮಾಣ 1:50. ಅಂದರೆ ನಿಜವಾದ ಯಂತ್ರದ 50 ಸೆಂಟಿಮೀಟರ್ ಇಲ್ಲಿ ಒಂದು ಸೆಂಟಿಮೀಟರ್. ರೈಲು ಮಾದರಿಗಳ ಜತೆ ಇಡುವವರು 1:87 ಕೊಳ್ಳುತ್ತಾರೆ. ಅಂಗಡಿಗಳಲ್ಲಿ ನೇತುಹಾಕಿರುವ ಪುಟ್ಟ ಕಾರುಗಳು ಸುಮಾರು 1:64ರ ಆಸುಪಾಸು.

ಕೈಗೆ ಸಿಕ್ಕ ಮಾದರಿಯ ಪ್ರಮಾಣ ಯಾವುದೆಂದು ಡಬ್ಬಿಯಿಲ್ಲದೆಯೂ ಅಂದಾಜಿಸಬಹುದು. ರಸ್ತೆಯಲ್ಲಿ ಓಡುವ ಲಾರಿ, ಕ್ರೇನ್‌ಗಳ ಅಗಲ ಸಾಮಾನ್ಯವಾಗಿ ಎರಡೂವರೆ ಮೀಟರಿನ ಹತ್ತಿರ. ಮಾದರಿಯ ಅಗಲ 5 ಸೆಂಟಿಮೀಟರ್ ಇದ್ದರೆ 1:50. ಇನ್ನೊಂದು ದಾರಿ, ಮನುಷ್ಯನ ಗೊಂಬೆ. 165 ಸೆಂಟಿಮೀಟರ್ ಎತ್ತರದ ಆಪರೇಟರ್ 1:50ರಲ್ಲಿ 33 ಮಿಲಿಮೀಟರ್, 1:87ರಲ್ಲಿ ಬರೀ 19 ಮಿಲಿಮೀಟರ್ ಇರುತ್ತಾನೆ.

ಈ ಹವ್ಯಾಸದ ತವರು ಜರ್ಮನಿ ಮತ್ತು ಬ್ರಿಟನ್. 1950ರ ದಶಕದಲ್ಲಿಯೇ ಬ್ರಿಟನ್ನಿನ ಡಿಂಕಿ ಕಂಪನಿ ಕೋಲ್ಸ್ ಕ್ರೇನಿನ ಮಾದರಿ ಮಾರುತ್ತಿತ್ತು. ಈಗ ಜರ್ಮನಿಯ ಕಾನ್ರಾಡ್, ಎನ್‌ಜೆಡ್‌ಜಿಯಂಥ ಕಂಪನಿಗಳ ಹೆಸರು ಸಂಗ್ರಹಕಾರರ ಬಾಯಲ್ಲಿ ಹೆಚ್ಚು. ಇವರ ಮಾದರಿಗಳಲ್ಲಿ ಬೂಮ್ ಒಂದರೊಳಗಿಂದ ಒಂದು ಹೊರಬರುತ್ತದೆ, ಜ್ಯಾಕ್‌ಗಳು ಇಳಿಯುತ್ತವೆ, ಚಕ್ರಗಳು ತಿರುಗುತ್ತವೆ, ಪುಟ್ಟ ಡ್ರಮ್ ತಿರುಗಿಸಿದರೆ ಹುಕ್ ಮೇಲೇರುತ್ತದೆ. ‘ಪುಟ್ಟ’ ಎಂದೆವು, ಆದರೆ ಎಲ್ಲವೂ ಪುಟ್ಟದಲ್ಲ. ಲೀಬ್‌ಹೆರ್ ಕಂಪನಿಯ ಎಲ್‌ಟಿಎಂ 11200 ಎಂಬ ಒಂಬತ್ತು ಆ್ಯಕ್ಸಲ್‌ಗಳ ಕ್ರೇನಿನ ಟೆಲಿಸ್ಕೋಪಿಕ್ ಬೂಮ್ 100 ಮೀಟರ್ ಚಾಚುತ್ತದೆ. 1:50ರಲ್ಲಿ ಅದು ಎರಡು ಮೀಟರ್. ಪೂರ್ತಿ ಎತ್ತಿ ನಿಲ್ಲಿಸಿದರೆ ನಮ್ಮ ತಲೆಗಿಂತ ಮೇಲೆ, ಹಳೆಯ ಮನೆಯಾದರೆ ಅಟ್ಟಕ್ಕೆ ತಾಗುತ್ತದೆ.

ಆಕಾರ ಐವತ್ತು ಪಟ್ಟು ಚಿಕ್ಕದಾದರೆ ತೂಕ?

ಇಲ್ಲಿಯೇ ಬಹಳ ಜನ ಎಡವುವುದು. 60 ಟನ್ ತೂಕದ ಕ್ರೇನಿನ 1:50 ಮಾದರಿ ಎಷ್ಟು ತೂಗಬೇಕು? ಐವತ್ತರಿಂದ ಭಾಗಿಸಿ 1200 ಕಿಲೋ ಎನ್ನುವಂತಿಲ್ಲ ಎಂಬುದು ಗೊತ್ತೇ ಇದೆ, ಅಷ್ಟು ಭಾರವನ್ನು ಯಾವ ಮೇಜು ತಡೆದೀತು! ಉದ್ದ 50 ಪಟ್ಟು, ಅಗಲ 50 ಪಟ್ಟು, ಎತ್ತರ 50 ಪಟ್ಟು ಕುಗ್ಗಿದಾಗ ಗಾತ್ರ 50×50×50, ಅಂದರೆ 1,25,000 ಪಟ್ಟು ಕುಗ್ಗುತ್ತದೆ. ಹಾಗಾಗಿ 60 ಟನ್ನಿನ ಕ್ರೇನ್ ನಿಖರವಾಗಿ ಕುಗ್ಗಿದರೆ 480 ಗ್ರಾಂ. ಅರ್ಧ ಕಿಲೋ ಬೆಲ್ಲಕ್ಕಿಂತ ಹಗುರ.

ಆದರೆ ಲೋಹದ ಮಾದರಿಯನ್ನು ನಿಜಕ್ಕೂ ಕೈಗೆತ್ತಿಕೊಂಡರೆ ಅದಕ್ಕಿಂತ ಭಾರ ಅನಿಸುತ್ತದೆ. ಕಾರಣ ಸರಳ. ನಿಜವಾದ ಬೂಮಿನ 10 ಮಿಲಿಮೀಟರ್ ಉಕ್ಕಿನ ತಗಡು ಮಾದರಿಯಲ್ಲಿ 0.2 ಮಿಲಿಮೀಟರ್ ಆಗಬೇಕಿತ್ತು. ಅಷ್ಟು ತೆಳುವಾಗಿ ಸತುವಿನ ಎರಕ ಹೊಯ್ಯುವುದು ಕಷ್ಟ. ಆದ್ದರಿಂದ ಗೋಡೆಗಳು ದಪ್ಪವಾಗಿಯೇ ಉಳಿಯುತ್ತವೆ, ತೂಕ ಏರುತ್ತದೆ.

ಇನ್ನು ಬಲದ ಮಾತು. ಒಂದು ಕಂಬ ಎಷ್ಟು ಭಾರ ತಡೆಯುತ್ತದೆ ಎಂಬುದು ಅದನ್ನು ಅಡ್ಡಕ್ಕೆ ಕೊಯ್ದಾಗ ಕಾಣುವ ಮುಖದ ವಿಸ್ತೀರ್ಣವನ್ನು ಅವಲಂಬಿಸಿದೆ. ಅದು 50×50, ಅಂದರೆ 2500 ಪಟ್ಟು ಮಾತ್ರ ಕುಗ್ಗುತ್ತದೆ. ತೂಕ ಮಾತ್ರ 1,25,000 ಪಟ್ಟು ಕುಗ್ಗಿದೆ. ಹಾಗಾದರೆ ಮಾದರಿಯು ತನ್ನ ತೂಕಕ್ಕೆ ಹೋಲಿಸಿದರೆ ನಿಜವಾದ ಯಂತ್ರಕ್ಕಿಂತ 50 ಪಟ್ಟು ಗಟ್ಟಿ! ಇರುವೆ ತನಗಿಂತ ಎಷ್ಟೋ ಪಟ್ಟು ಭಾರದ ಕಾಳು ಹೊರುವುದರ ಹಿಂದೆಯೂ ಇದೇ ಲೆಕ್ಕವಿದೆ. ಗೆಲಿಲಿಯೋ ಇದನ್ನು 1638ರಲ್ಲಿಯೇ ತನ್ನ ಪುಸ್ತಕದಲ್ಲಿ ವಿವರಿಸಿದ್ದ.

ಹೀಗಾಗಿ ‘ಮಾದರಿ ಮಾಡಿ ಪರೀಕ್ಷಿಸಿದ್ದೇವೆ, ಮುರಿಯಲಿಲ್ಲ, ದೊಡ್ಡದೂ ಮುರಿಯುವುದಿಲ್ಲ’ ಎಂಬ ವಾದ ಎಲ್ಲಿ ಕೇಳಿದರೂ ನಂಬಬೇಡಿ. ಸೇತುವೆಯ ವಿಷಯಕ್ಕಾದರೂ ಸರಿ, ಕ್ರೇನಿನ ವಿಷಯಕ್ಕಾದರೂ ಸರಿ.

ವಿಡಿಯೊ ನೋಡಿ ಹೇಳುವುದು ಹೇಗೆ?

ಹುಕ್ ತೂಗಾಡುವುದನ್ನು ನೋಡಿ. ಇದು ನಮಗೆ ಗೊತ್ತಿರುವ ಅತ್ಯಂತ ಸುಲಭದ ಪರೀಕ್ಷೆ. ಹಗ್ಗಕ್ಕೆ ನೇತಾಡುವ ಯಾವುದೇ ವಸ್ತು ಲೋಲಕದಂತೆ ತೂಗುತ್ತದೆ. ಒಮ್ಮೆ ಅತ್ತ ಹೋಗಿ ಇತ್ತ ಬರಲು ಹಿಡಿಯುವ ಸಮಯ ಹಗ್ಗದ ಉದ್ದದ ಮೇಲೆ ನಿಂತಿದೆ, ತೂಕದ ಮೇಲಲ್ಲ. 20 ಮೀಟರ್ ಹಗ್ಗದ ತುದಿಯ ಹುಕ್ ಒಂದು ಸುತ್ತು ತೂಗಲು ಸುಮಾರು 9 ಸೆಕೆಂಡ್ ಬೇಕು. 10 ಮೀಟರ್ ಆದರೂ 6 ಸೆಕೆಂಡ್ ದಾಟುತ್ತದೆ. ಆದರೆ 20 ಮೀಟರಿನ ಹಗ್ಗ 1:50 ಮಾದರಿಯಲ್ಲಿ 40 ಸೆಂಟಿಮೀಟರಿನ ದಾರ. ಅದು ಒಂದೂಕಾಲು ಸೆಕೆಂಡಿನಲ್ಲಿ ಅತ್ತಿತ್ತ ಹೋಗಿಬಂದಿರುತ್ತದೆ. ದೈತ್ಯ ಕ್ರೇನಿನ ಹುಕ್ ಗೋಡೆ ಗಡಿಯಾರದ ಲೋಲಕದಂತೆ ಟಕಟಕ ಆಡುತ್ತಿದ್ದರೆ ಅಲ್ಲಿಗೆ ಕಥೆ ಮುಗಿಯಿತು, ಅದು ಮಾದರಿ.

ಬೀಳುವುದಕ್ಕೂ ಇದೇ ಲೆಕ್ಕ. 50 ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟಲು ಮೂರು ಸೆಕೆಂಡಿಗಿಂತ ಹೆಚ್ಚು ಬೇಕು. ಒಂದು ಮೀಟರಿನಿಂದ ಬಿದ್ದದ್ದಕ್ಕೆ ಅರ್ಧ ಸೆಕೆಂಡೂ ಬೇಡ. 1:50 ಮಾದರಿಯ ಲೋಕದಲ್ಲಿ ಎಲ್ಲವೂ ಸುಮಾರು ಏಳು ಪಟ್ಟು ಬೇಗ ನಡೆಯುತ್ತದೆ. ಏಳು ಎಂಬುದು 50ರ ವರ್ಗಮೂಲ.

ಇದರಲ್ಲಿ ಒಂದು ಮೋಸಕ್ಕೆ ಜಾಗವಿದೆ. ಈಗಿನ ಅನೇಕ ಫೋನ್‌ಗಳು ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಚಿತ್ರ ಹಿಡಿಯುತ್ತವೆ. ಅದನ್ನು 30ರ ವೇಗದಲ್ಲಿ ತೋರಿಸಿದರೆ ಎಂಟು ಪಟ್ಟು ನಿಧಾನ. ಹಳೆಯ ಸಿನಿಮಾದವರು ಅಣೆಕಟ್ಟು ಒಡೆಯುವ ದೃಶ್ಯಕ್ಕೆ ಬಳಸುತ್ತಿದ್ದ ಉಪಾಯವೂ ಇದೇ. ಆಗ ವೇಗ ನೋಡಿ ಹೇಳಲಾಗದು. ಬೇರೆ ಗುರುತುಗಳನ್ನು ಹುಡುಕಬೇಕು. ನೀರಿನ ಹನಿ ಎಷ್ಟು ದೊಡ್ಡದಾಗಿ ಕಾಣುತ್ತಿದೆ? ನೀರಿನ ಹನಿಯನ್ನು ಮಾತ್ರ ಯಾರಿಂದಲೂ 50 ಪಟ್ಟು ಕುಗ್ಗಿಸಲಾಗದು. ಹಿನ್ನೆಲೆ, ಮುನ್ನೆಲೆ ಎರಡೂ ಮಸುಕಾಗಿ ನಡುವಿನ ಪಟ್ಟಿ ಮಾತ್ರ ಸ್ಪಷ್ಟವಿದೆಯೇ? ಹತ್ತಿರದಿಂದ ಹಿಡಿದ ಚಿಕ್ಕ ವಸ್ತುವಿನ ಚಿತ್ರ ಹಾಗೆ ಬರುತ್ತದೆ. ಆದರೆ ಇದನ್ನೊಂದನ್ನೇ ನಂಬಬೇಡಿ, ನಿಜವಾದ ದೃಶ್ಯಕ್ಕೂ ಆ್ಯಪ್‌ನಲ್ಲಿ ಮಸುಕು ಹಚ್ಚಬಹುದು. ಹಗ್ಗ ಸುರುಳಿ ಸುರುಳಿಯಾಗಿ, ಸೆಡೆತು ನಿಂತಿದೆಯೇ? ನಿಜವಾದ ಹುಕ್ ನೂರಾರು ಕಿಲೋ ತೂಗುವುದರಿಂದ ತಂತಿಹಗ್ಗ ನೇರವಾಗಿ ಎಳೆದುಕೊಂಡಿರುತ್ತದೆ. ಕೆಲವೇ ಗ್ರಾಂ ತೂಗುವ ಮಾದರಿಯ ಹುಕ್‌ಗೆ ದಾರವನ್ನು ನೆಟ್ಟಗೆ ಮಾಡುವ ಶಕ್ತಿ ಇರುವುದಿಲ್ಲ.

ಇದ್ಯಾವುದೂ ಇಲ್ಲದ ಒಂದು ನಿಶ್ಚಲ ಫೋಟೊ ಬಂದರೆ? ಅಲ್ಲಿ ನಮ್ಮ ಲೆಕ್ಕ ಹೆಚ್ಚು ನಡೆಯುವುದಿಲ್ಲ. ಅದೇ ಚಿತ್ರ ಮೊದಲು ಎಲ್ಲಿ, ಯಾವಾಗ ಬಂದಿತ್ತು ಎಂದು ಗೂಗಲ್ ಲೆನ್ಸ್‌ನಲ್ಲಿ ಹುಡುಕುವುದೇ ದಾರಿ. ಕ್ರೇನ್ ನಿಜವೆಂದು ಗೊತ್ತಾದರೂ ಊರು ನಿಮ್ಮದೇ ಎಂದು ಅದರಿಂದ ಸಾಬೀತಾಗುವುದಿಲ್ಲ ಎಂಬುದು ನೆನಪಿರಲಿ.

‘50 ಟನ್ ಕ್ರೇನ್ 50 ಟನ್ ಎತ್ತುತ್ತದೆ’ ಎಂಬುದು ಎಷ್ಟು ನಿಜ?

ಅರ್ಧ ನಿಜ. ಕ್ರೇನಿನ ಮೈಮೇಲೆ ಬರೆದ ಟನ್ ಲೆಕ್ಕ ಅದು ಅತ್ಯಂತ ಹತ್ತಿರದಲ್ಲಿ, ಬೂಮ್ ಒಳಗೆಳೆದುಕೊಂಡು, ಜ್ಯಾಕ್ ಪೂರ್ತಿ ಚಾಚಿ ನಿಂತಾಗಿನದು. ದೂರ ಹೋದಂತೆ ಎತ್ತುವ ಸಾಮರ್ಥ್ಯ ಕುಸಿಯುತ್ತದೆ. ತಕ್ಕಡಿಯ ನಿಯಮ ನೆನಪಿಸಿಕೊಳ್ಳಿ. ಮಗುಚುವ ಅಂಚಿನಿಂದ 3 ಮೀಟರ್ ದೂರದಲ್ಲಿ 10 ಟನ್ ಹಿಡಿದು ನಿಲ್ಲಬಲ್ಲ ಕ್ರೇನಿಗೆ 6 ಮೀಟರ್ ದೂರದಲ್ಲಿ 5 ಟನ್, 10 ಮೀಟರ್ ದೂರದಲ್ಲಿ 3 ಟನ್. ಚಾಚಿದ ಬೂಮಿನ ಸ್ವಂತ ಭಾರವನ್ನೂ ಸೇರಿಸಿದರೆ ನಿಜದಲ್ಲಿ ಇದಕ್ಕೂ ಕಡಿಮೆ. ಅದಕ್ಕೇ ಪ್ರತಿ ಕ್ರೇನಿನ ಕ್ಯಾಬಿನ್‌ನಲ್ಲಿ ಲೋಡ್ ಚಾರ್ಟ್ ಇರುತ್ತದೆ. ಇಷ್ಟು ದೂರಕ್ಕೆ ಇಷ್ಟೇ ಭಾರ ಎಂಬ ಕೋಷ್ಟಕ ಅದು.

ಇದನ್ನು ಕಣ್ಣಾರೆ ನೋಡಲು ಮಾದರಿ ಕ್ರೇನ್ ಬಹಳ ಒಳ್ಳೆಯದು. ಬಲದ ವಿಷಯದಲ್ಲಿ ಮಾದರಿ ದಾರಿ ತಪ್ಪಿಸುತ್ತದೆ ಎಂದು ಮೇಲೆ ಹೇಳಿದೆವು. ಮಗುಚುವ ವಿಷಯದಲ್ಲಿ ಹಾಗಲ್ಲ. ಅಲ್ಲಿ ಎರಡೂ ಕಡೆಯ ಭಾರ ಒಂದೇ ಪ್ರಮಾಣದಲ್ಲಿ ಕುಗ್ಗುವುದರಿಂದ ತಕ್ಕಡಿ ಬದಲಾಗುವುದಿಲ್ಲ. ಹುಕ್‌ಗೆ ಒಂದು ಪುಟ್ಟ ಚೀಲ ಕಟ್ಟಿ ನಾಣ್ಯ ಹಾಕುತ್ತಾ ಹೋಗಿ. ಬೂಮ್ ಒಳಗಿದ್ದಾಗ ಹಿಂದಿನ ಚಕ್ರ ಏಳಲು ಎಷ್ಟು ನಾಣ್ಯ ಬೇಕಾಯಿತು, ಹೊರಗೆಳೆದಾಗ ಎಷ್ಟು ಎಂದು ಬರೆದಿಡಿ. ಜ್ಯಾಕ್ ಇಳಿಸಿ ಮತ್ತೆ ಮಾಡಿ. ಬೂಮನ್ನು ಮುಂದಕ್ಕಲ್ಲದೆ ಪಕ್ಕಕ್ಕೆ ತಿರುಗಿಸಿ ಮಾಡಿ. ಅಷ್ಟಾದರೆ ನಿಮ್ಮದೇ ಲೋಡ್ ಚಾರ್ಟ್ ತಯಾರು. ಮಗ ಮಗಳಿಗೆ ಸನ್ನೆಕೋಲಿನ ಪಾಠ ಹೇಳಿಕೊಡಲು ಇದಕ್ಕಿಂತ ಸುಲಭದ ಸಾಧನ ನಮಗೆ ತೋಚಲಿಲ್ಲ.

ಶಿರೂರಿನಲ್ಲಿ ಗಂಗಾವಳಿ ಹೊಳೆಗೆ ಬಿದ್ದ ಲಾರಿಯನ್ನು ಮೇಲೆತ್ತಿದ್ದು 2024ರ ಸೆಪ್ಟೆಂಬರ್ 25ರಂದು, ಎರಡು ತಿಂಗಳ ಮೇಲಾದ ನಂತರ, ಗೋವಾದಿಂದ ಡ್ರೆಜರ್ ತರಿಸಿದ ಮೇಲೆ. ‘ದಡದಲ್ಲೇ ದೊಡ್ಡ ಕ್ರೇನ್ ನಿಲ್ಲಿಸಿ ಎಳೆಯಬಾರದಿತ್ತೇ’ ಎಂದು ಕೇಳುವವರಿದ್ದಾರೆ. ಹೊಳೆಯ ಸೆಳೆತ ಮತ್ತು ಮೇಲೆ ಬಿದ್ದ ಮಣ್ಣು ಅಲ್ಲಿ ದೊಡ್ಡ ಅಡ್ಡಿಯಾಗಿದ್ದವು. ಅವಿಲ್ಲದಿದ್ದರೂ ದಡದಿಂದ ದೂರದ ಭಾರ ಎತ್ತುವುದು ಟನ್ ಸಂಖ್ಯೆ ನೋಡಿ ಹೇಳುವಷ್ಟು ಸಲೀಸಲ್ಲ. ದೂರವೂ ನೆಲವೂ ಲೆಕ್ಕಕ್ಕೆ ಬರುತ್ತವೆ.

ನೆಲದ ಮಾತು ನಮ್ಮ ಕಡೆ ಮುಖ್ಯ. ಒಂದು ಜ್ಯಾಕ್‌ನ ಮೇಲೆ 20 ಟನ್ ಬಿದ್ದಿದೆ ಅನ್ನಿ. ಅದರ ಪಾದ ಅರ್ಧ ಮೀಟರ್ ಚೌಕವಾದರೆ ಚದರ ಮೀಟರಿಗೆ 80 ಟನ್ನಿನ ಒತ್ತಡ. ಕೆಳಗೆ ಒಂದು ಮೀಟರ್ ಚೌಕದ ದಪ್ಪ ಹಲಗೆ ಇಟ್ಟರೆ ಅದೇ ಒತ್ತಡ 20ಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಗಟ್ಟಿಯಾಗಿದ್ದ ಗದ್ದೆಯಂಚು, ಹೊಸದಾಗಿ ತುಂಬಿದ ಮಣ್ಣು, ಹೊಳೆದಂಡೆ ಆಷಾಢದಲ್ಲಿ ಹಾಗಿರುವುದಿಲ್ಲ. ಒಂದು ಪಾದ ಕುಸಿದರೆ ಬೂಮ್ ಆ ಕಡೆಗೆ ವಾಲುತ್ತದೆ, ವಾಲಿದರೆ ದೂರ ಹೆಚ್ಚುತ್ತದೆ, ದೂರ ಹೆಚ್ಚಿದರೆ ಇನ್ನಷ್ಟು ವಾಲುತ್ತದೆ. ಮಗುಚಲು ಆಮೇಲೆ ಕೆಲವು ಸೆಕೆಂಡ್ ಸಾಕು. ಆದ್ದರಿಂದ ರಸ್ತೆ ಬದಿ ಕ್ರೇನ್ ಕೆಲಸ ಮಾಡುವಾಗ ವಿಡಿಯೊ ಹಿಡಿಯಲು ನಿಲ್ಲುವವರು ಭಾರದ ನೇರ ಕೆಳಗೆ ನಿಲ್ಲದಿದ್ದರೆ ಸಾಲದು. ಬೂಮ್ ಪೂರ್ತಿ ಮಲಗಿದರೆ ಎಲ್ಲಿಯವರೆಗೆ ಬರುತ್ತದೋ ಆ ವೃತ್ತದ ಹೊರಗೆ ನಿಲ್ಲಬೇಕು. ಜ್ಯಾಕ್ ಇಲ್ಲದೆ ಭಾರ ನೇತುಹಾಕಿಕೊಂಡೇ ನಡೆಯುವ ಹೈಡ್ರಾದ ಮುಂದೆ ಅಂತೂ ಹೋಗಲೇಬಾರದು. ನೇತಾಡುವ ಸರಕೇ ಚಾಲಕನ ಕಣ್ಣಿಗೆ ಅಡ್ಡವಾಗಿರುತ್ತದೆ.

ಸಿರಿಂಜ್ ಕ್ರೇನ್: ನಮ್ಮ ಶಾಲೆಗಳ ಮಾದರಿ

ಜರ್ಮನಿಯ ಮಾದರಿ ಕೊಳ್ಳದವರೂ ಒಂದು ಕ್ರೇನ್ ಮಾಡಿಯೇ ಇರುತ್ತಾರೆ. ರಟ್ಟು, ಐಸ್‌ಕ್ರೀಂ ಕಡ್ಡಿ, ಸಿರಿಂಜ್ ಮತ್ತು ಸಲೈನ್ ಪೈಪಿನ ‘ಹೈಡ್ರಾಲಿಕ್ ಕ್ರೇನ್’ ಇಲ್ಲದ ವಿಜ್ಞಾನ ವಸ್ತು ಪ್ರದರ್ಶನ ಅಪರೂಪ. ಅದನ್ನು ಆಟಿಕೆ ಎಂದು ತಳ್ಳಿಹಾಕುವಂತಿಲ್ಲ. ದೊಡ್ಡ ಕ್ರೇನಿನ ಬೂಮನ್ನು ಎತ್ತುವ ಸಿಲಿಂಡರ್ ಕೆಲಸ ಮಾಡುವುದೂ ಅದೇ ಪಾಸ್ಕಲ್ ನಿಯಮದ ಮೇಲೆ. ತಳ್ಳುವ ಸಿರಿಂಜಿಗಿಂತ ಎತ್ತುವ ಸಿರಿಂಜಿನ ವ್ಯಾಸ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು, ಆದರೆ ಚಲಿಸುವ ದೂರ ನಾಲ್ಕನೇ ಒಂದು ಭಾಗ. ಪೈಪಿನಲ್ಲಿ ಗಾಳಿಗುಳ್ಳೆ ಉಳಿದರೆ ಕ್ರೇನ್ ಜೋಲಿ ಹೊಡೆಯುತ್ತದೆ. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ ಎಂಬಷ್ಟೇ ಕಾರಣ. ನೀರಿನೊಳಗೆ ಮುಳುಗಿಸಿಟ್ಟುಕೊಂಡೇ ಪೈಪ್ ಜೋಡಿಸಿದರೆ ಆ ತೊಂದರೆ ತಪ್ಪುತ್ತದೆ.

ಒಂದು ಎಚ್ಚರಿಕೆ ಮಾತ್ರ. ಆಸ್ಪತ್ರೆಯಲ್ಲಿ ಬಳಸಿ ಎಸೆದ ಸಿರಿಂಜ್, ಡ್ರಿಪ್ ಪೈಪನ್ನು ‘ತೊಳೆದು ಕೊಡುತ್ತೇವೆ’ ಎಂದರೂ ತರಬೇಡಿ. ರಕ್ತದ ಮೂಲಕ ಹರಡುವ ಹೆಪಟೈಟಿಸ್‌ನಂಥ ರೋಗಗಳ ಅಪಾಯವಿದೆ. ಮೆಡಿಕಲ್ ಅಂಗಡಿಯಲ್ಲಿ ಹೊಸ ಸಿರಿಂಜ್ ಕೆಲವೇ ರೂಪಾಯಿಗೆ ಸಿಗುತ್ತದೆ. ಸೂಜಿಯನ್ನು ಅಲ್ಲಿಯೇ ಬಿಟ್ಟು ಬನ್ನಿ.

ಮಾದರಿಯನ್ನು ನಮ್ಮೂರಿನದಾಗಿ ಮಾಡುವುದು

ಡಬ್ಬಿಯಿಂದ ತೆಗೆದ ಮಾದರಿ ಯುರೋಪಿನ ಯಂತ್ರದ ನಕಲು. ಅದನ್ನು ಹೊನ್ನಾವರ–ಸಾಗರ ರಸ್ತೆಯ ಯಂತ್ರವನ್ನಾಗಿ ಮಾಡುವುದರಲ್ಲಿಯೇ ಹವ್ಯಾಸದ ರುಚಿ ಇರುವುದು ಎಂದು ನಮಗನಿಸುತ್ತದೆ. ಎಲ್ಲಕ್ಕೂ ಮೊದಲು ಮಾಡುವ ಕೆಲಸ ಹುಕ್‌ನದು. ಒಳಗೆ ಹಿತ್ತಾಳೆಯ ಚೂರೋ ಸ್ಟೀಲಿನ ಗುಂಡೋ ಸೇರಿಸಿ ಭಾರ ಹೆಚ್ಚಿಸುತ್ತಾರೆ, ಬಿರುಸಾದ ದಾರ ತೆಗೆದು ಹೆಣೆದ ಮೀನಿನ ನೂಲು ಹಾಕುತ್ತಾರೆ. ಹಗ್ಗ ನೆಟ್ಟಗಾಗುತ್ತದೆ, ಮಾದರಿಗೆ ಅಲ್ಲಿಂದಲೇ ಜೀವ ಬರುತ್ತದೆ. ಇದಕ್ಕೆ ಸೀಸದ ಗುಂಡು ಬಳಸುವವರಿದ್ದಾರೆ. ಮೀನಿನ ಬಲೆಗೆ ಕಟ್ಟುವ ಸೀಸ ಕರಾವಳಿಯಲ್ಲಿ ಸುಲಭವಾಗಿ ಸಿಗುತ್ತದೆ ನಿಜ. ಆದರೆ ಮಕ್ಕಳು ಮುಟ್ಟುವ ವಸ್ತುವಿಗೆ ಅದು ಬೇಡ. ಸೀಸವನ್ನು ಉಜ್ಜುವುದು, ಕರಗಿಸುವುದು ದೊಡ್ಡವರಿಗೂ ಒಳ್ಳೆಯದಲ್ಲ.

ಜ್ಯಾಕ್ ಪಾದದ ಅಡಿಯ ಹಲಗೆಗೆ ಐಸ್‌ಕ್ರೀಂ ಕಡ್ಡಿ ಅಥವಾ ಬಿದಿರಿನ ಸೀಳು ಸಾಕು. ಅಡಿಕೆ ಹಾಳೆಯ ಒಳಪದರವನ್ನು ಕತ್ತರಿಸಿದರೆ ಟಾರ್ಪಾಲಿನಂತೆ ಕಾಣುತ್ತದೆ. ಚಕ್ರಕ್ಕೆ, ಮಡ್‌ಗಾರ್ಡಿಗೆ ನಮ್ಮ ಕೆಂಪು ಮಣ್ಣು ಮೆತ್ತಬೇಕೆಂದರೆ ಅಂಗಳದ ಮಣ್ಣನ್ನೇ ನುಣ್ಣಗೆ ಜಾಲಿಸಿ ಹಚ್ಚಬಹುದು. ಆದರೆ ಮಣ್ಣಿನ ಕಣವೂ ನೀರಿನ ಹನಿಯಂತೆ ಕುಗ್ಗದ ವಸ್ತು. ಬಟ್ಟೆಯಲ್ಲಿ ಸೋಸದಿದ್ದರೆ ಮಾದರಿಯ ಮೇಲೆ ಅದು ಜಲ್ಲಿಯಂತೆ ಕಾಣುತ್ತದೆ. ನಂಬರ್ ಪ್ಲೇಟು, ಹಿಂಬದಿಯ ಬರಹ, ಕನ್ನಡಿಯಡಿಗೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿ ಅವರವರ ತಾಳ್ಮೆಗೆ ಬಿಟ್ಟದ್ದು. ನಿಜವಾದ ಗಾಡಿಯೊಂದರ ನಂಬರನ್ನು ಮಾತ್ರ ಹಾಕಬೇಡಿ. ಆ ಮಾದರಿಯ ಫೋಟೊ ನಾಳೆ ಯಾವ ಫಾರ್ವರ್ಡ್‌ಗೆ ಸೇರುತ್ತದೋ ಹೇಳಲಾಗದು.

ಬಣ್ಣ ಬಳಿಯಲು ಕಾಲ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ ತುಂಬಿರುವಾಗ ಸ್ಪ್ರೇ ಬಣ್ಣ ಹೊಡೆದರೆ ಮೇಲ್ಮೈ ಹಾಲಿನಂತೆ ಬೆಳ್ಳಗಾಗುತ್ತದೆ. ದ್ರಾವಕ ಬೇಗ ಆವಿಯಾಗಿ ಮೇಲ್ಮೈ ತಣ್ಣಗಾದಾಗ ಗಾಳಿಯ ತೇವ ಅಲ್ಲಿ ಕೂರುವುದೇ ಕಾರಣ, ಬಣ್ಣ ಕಳಪೆ ಎಂದು ಅಂಗಡಿಯವನನ್ನು ಬಯ್ಯುವ ಮೊದಲು ಇದನ್ನು ನೆನಪಿಸಿಕೊಳ್ಳಿ. ದೀಪಾವಳಿ ಕಳೆದ ಮೇಲೆ, ಬಿಸಿಲು ಏರಿದ ಹೊತ್ತಿನಲ್ಲಿ ಮಾಡಿದರೆ ಕೆಲಸ ಚೆನ್ನ. ಸತುವಿನ ಮೇಲೆ ಬಣ್ಣ ನೇರವಾಗಿ ಹಿಡಿಯುವುದಿಲ್ಲ, ಲೋಹಕ್ಕೆಂದೇ ಇರುವ ಪ್ರೈಮರ್ ಬೇಕು. ಥಿನ್ನರ್, ಸ್ಪ್ರೇಗಳ ಹಬೆ ತಲೆಸುತ್ತು ತರುತ್ತದೆ. ಜಗಲಿಯಲ್ಲಿ ಕೂತು ಮಾಡಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಬೇಡ. ಬಟ್ಟೆಯ ಮಾಸ್ಕ್ ಹಬೆಯನ್ನು ತಡೆಯುವುದಿಲ್ಲ.

ಕರಾವಳಿಯ ಗಾಳಿಯಲ್ಲಿ ಮಾದರಿ ಬಾಳುತ್ತದೆಯೇ?

ವರ್ಷಕ್ಕೆ 3000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ನಾಡಿದು. ಕಪಾಟಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಮಾದರಿಯನ್ನು ಬಿಡುತ್ತದೆಯೇ? ಲೋಹದ ಮಾದರಿಗಳನ್ನು ಎರಕ ಹೊಯ್ಯುವುದು ಸತುವಿಗೆ ಸುಮಾರು ನಾಲ್ಕು ಭಾಗ ಅಲ್ಯೂಮಿನಿಯಂ ಬೆರೆಸಿದ ಮಿಶ್ರಲೋಹದಲ್ಲಿ. ಅದು ಕಬ್ಬಿಣದಂತೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಬಣ್ಣ ಎದ್ದಲ್ಲಿ ಬಿಳಿ ಪುಡಿ ಕಾಣಿಸುತ್ತದೆ, ಅದನ್ನು ಒರೆಸಿ ಬಣ್ಣ ಮುಚ್ಚಿದರೆ ನಿಲ್ಲುತ್ತದೆ. ಆದರೆ ಇನ್ನೊಂದು ರೋಗವಿದೆ. ಎರಕದ ಲೋಹದಲ್ಲಿ ಅತ್ಯಲ್ಪ ಸೀಸ ಬೆರೆತಿದ್ದರೆ ಲೋಹದ ಹರಳುಗಳ ನಡುವಿನಿಂದಲೇ ಕೊರೆತ ಶುರುವಾಗಿ, ಮೈಯೆಲ್ಲಾ ಬಿರುಕು ಬಿಟ್ಟು, ಉಬ್ಬಿ, ಕೊನೆಗೆ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಎರಡನೇ ಮಹಾಯುದ್ಧಕ್ಕಿಂತ ಹಿಂದಿನ ಡಿಂಕಿ ಮಾದರಿಗಳಲ್ಲಿ ಇದು ಬಹಳ. ತೇವ ಮತ್ತು ಸೆಕೆ ಅದನ್ನು ಬೇಗ ಮಾಡುತ್ತವೆ.

‘ಕೊಬ್ಬರಿ ಎಣ್ಣೆ ಹಚ್ಚಿಟ್ಟರೆ ಎಷ್ಟು ವರ್ಷವಾದರೂ ಏನೂ ಆಗದು’ ಎಂಬ ಮಾತನ್ನು ನಂಬಬೇಡಿ. ಈ ಕೊರೆತ ಒಳಗಿನಿಂದ ಬರುವುದರಿಂದ ಮೇಲಿನ ಎಣ್ಣೆಗೆ ಅದನ್ನು ತಡೆಯುವ ಶಕ್ತಿಯಿಲ್ಲ. ಮೇಲಾಗಿ ಎಣ್ಣೆ ಕಮಟಾಗಿ ಅಂಟಾಗುತ್ತದೆ, ಧೂಳು ಹಿಡಿಯುತ್ತದೆ, ರಬ್ಬರ್ ಟೈರ್ ಉಬ್ಬುತ್ತದೆ. ಹಳೆಯ ಮಾದರಿ ಕೊಳ್ಳುವಾಗ ತಳದಲ್ಲಿ ಕೂದಲೆಳೆಯ ಬಿರುಕು, ಬಾಗಿದ ಬೂಮ್ ಕಂಡರೆ ‘ಮಗು ಬೀಳಿಸಿದ್ದು’ ಎಂಬ ಸಮಜಾಯಿಷಿಗೆ ಒಪ್ಪಬೇಡಿ. ಒಮ್ಮೆ ಶುರುವಾದ ಈ ರೋಗಕ್ಕೆ ಮದ್ದಿಲ್ಲ.

ಮಾಡಬಹುದಾದದ್ದು ಇಷ್ಟೆ: ಗಾಜಿನ ಮುಚ್ಚಿದ ಕಪಾಟು, ಒಳಗೆ ಸಿಲಿಕಾ ಜೆಲ್. ಅಕ್ಕಿ ಹಾಕಿಟ್ಟರೆ ತೇವ ಹೀರುವುದಕ್ಕಿಂತ ಹೆಚ್ಚಾಗಿ ಇರುವೆ ಮತ್ತು ಹುಳ ಬರುತ್ತವೆ. ಸಿಲಿಕಾ ಜೆಲ್ ಘೋರ ವಿಷ ಎಂಬುದೂ ಒಂದು ಹಳೆಯ ಫಾರ್ವರ್ಡ್. ಬಿಳಿ ಹರಳು ವಿಷವಲ್ಲ, ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಬಹುದೆಂಬುದೇ ಭಯ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಅದನ್ನು ಮಕ್ಕಳಿಂದ ದೂರವಿಡಬೇಕು. ಟೈರುಗಳು ಪ್ಲಾಸ್ಟಿಕ್ ಹಲಗೆಗೆ ತಾಗಿಯೇ ವರ್ಷಗಟ್ಟಲೆ ನಿಂತರೆ ಟೈರಿನ ಮೆದುಕಾರಕ ಇಳಿದು ಕಲೆಯಾಗುತ್ತದೆ, ಅಡಿಗೆ ಕಾಗದ ಹಾಕಿ. ಪೆಟ್ಟಿಗೆಯ ಸ್ಪಂಜನ್ನು ವರ್ಷಕ್ಕೊಮ್ಮೆ ನೋಡಿ, ಪುಡಿಯಾಗತೊಡಗಿದ್ದರೆ ತೆಗೆದುಹಾಕಿ.

ಕೊಳ್ಳುವ ಮೊದಲು

‘ಸ್ಟಾಕ್ ಖಾಲಿ ಮಾಡುತ್ತಿದ್ದೇವೆ, 999ಕ್ಕೆ ಜರ್ಮನ್ ಮೆಟಲ್ ಕ್ರೇನ್’ ಎಂಬಂಥ ಲಿಂಕ್ ಬಂದರೆ ಹಣ ಕಟ್ಟುವ ಮೊದಲು ಒಂದು ಲೆಕ್ಕ ಹಾಕಿ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿದೆ. ಕಿಲೋಗಟ್ಟಲೆ ತೂಗುವ, ಹೊರದೇಶದಿಂದ ಬರುವ ಮಾದರಿ ಆ ಬೆಲೆಗೆ ಮನೆ ಬಾಗಿಲಿಗೆ ಬರುವುದು ಹೇಗೆ? ಪಾರ್ಸೆಲ್ ಬಂದರೂ ಬರುವುದು ಪ್ಲಾಸ್ಟಿಕ್ಕೇ. ಕೊಂಡ ಮೇಲೆ ತಕ್ಕಡಿಯಲ್ಲಿ ಇಟ್ಟು ನೋಡುವುದೂ ಒಂದು ಪರೀಕ್ಷೆ. ಸತುವಿನ ಮಿಶ್ರಲೋಹ ನೀರಿನ ಆರೂವರೆ ಪಟ್ಟಿಗಿಂತ ಭಾರ, ಪ್ಲಾಸ್ಟಿಕ್ ನೀರಿನಷ್ಟೇ.

ಮಗುವಿಗಾಗಿ ಕೊಳ್ಳುತ್ತಿದ್ದರೆ ಮಾದರಿಗಿಂತ ಆಟಿಕೆಯೇ ಸರಿ. 14 ವರ್ಷದೊಳಗಿನವರ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ, ಡಬ್ಬಿಯ ಮೇಲೆ ಹುಡುಕಿ. ದೊಡ್ಡವರ ಮಾದರಿಗಳಲ್ಲಿ ಕಳಚಿ ಬರುವ ಕನ್ನಡಿ, ಕೊಕ್ಕೆ, ಚೂಪು ತುದಿಗಳಿರುತ್ತವೆ. ದೀಪ ಮತ್ತು ಸದ್ದು ಇರುವ ಕ್ರೇನ್ ಆದರೆ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಿ. ನಾಣ್ಯದಂತಹ ಚಪ್ಪಟೆ ಬ್ಯಾಟರಿಯನ್ನು ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ನುಂಗಿದ ಸಂಶಯ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ, ಬಾಳೆಹಣ್ಣು ತಿನ್ನಿಸಿ ಕಾಯದೆ, ಎಕ್ಸ್‌ರೇ ಇರುವ ಆಸ್ಪತ್ರೆಗೆ ಆ ಕ್ಷಣವೇ ಹೊರಡಿ. ಗೇರುಸೊಪ್ಪದಿಂದ ಹೊನ್ನಾವರ ತಲುಪುವ ಸಮಯವೂ ಆ ಎರಡು ಗಂಟೆಯೊಳಗಿನದೇ.